ಮೆದುಳಿನ ಶಸ್ತ್ರಚಿಕಿತ್ಸೆ: ಕುರಿಯ ತಲೆಯೇ ಮೊದಲ ಪಾಠ

ಬಕ್ರೀದ್ ಕಳೆದು ಒಂದು ವಾರವಾಗಿತ್ತು. ಬಹಳ ವರ್ಷಗಳಿಂದ ನನ್ನ ದವಾಖಾನೆಗೆ ಬರುತ್ತಿರುವ ತಾಯಿಯೊಬ್ಬರು ಮಂಡಿನೋವಿನ ಔಷಧಿ ತೆಗೆದುಕೊಂಡ ಮೇಲೂ ಕುರ್ಚಿಯಿಂದ ಏಳಲಿಲ್ಲ. ಅವರ ಮಗ ಎಂಬಿಬಿಎಸ್, ಎಂಎಸ್ ಮುಗಿಸಿ ಈಗ ನ್ಯೂರೋಸರ್ಜರಿ ಕಲಿಯುತ್ತಿದ್ದಾನೆ. ಹಬ್ಬದ ರಜೆಗೆ ಮನೆಗೆ ಬಂದಿದ್ದ.

“ಹಕೀಮ್ ಸಾಬ್, ಅವನು ಅಂಗಡಿಯಿಂದ ಕೋಳಿ ರೆಕ್ಕೆ ತರ್ತಾನೆ, ಅಡುಗೆಗೆ ಕೊಡೋದಿಲ್ಲ. ರಾತ್ರಿಯೆಲ್ಲ ದೀಪ ಹಾಕ್ಕೊಂಡು ಅದರೊಳಗೆ ಸೂಜಿ ಹಾಕಿ ಹೊಲೀತಾ ಕೂರ್ತಾನೆ. ಹೋಗುವಾಗ ಕುರ್ಬಾನಿಯ ತಲೆ ಒಂದನ್ನೂ ಕೇಳಿ ತಗೊಂಡು ಹೋದ. ತಿನ್ನೋ ವಸ್ತುವನ್ನ ಹೀಗೆ ಹಾಳು ಮಾಡಿದ್ರೆ ಗುನಾಹ್ ಅಲ್ವಾ? ಮನೆಯಲ್ಲಿ ನಜಾಸತ್ ಆಗೋದಿಲ್ವಾ?”

ನಾನು ಹೇಳಿದ್ದು ಇಷ್ಟೇ: “ಅಮ್ಮಾ, ಇವತ್ತು ಆ ರೆಕ್ಕೆಯ ರಕ್ತನಾಳ ಅವನ ಕೈಯಲ್ಲಿ ಹರಿದರೆ ಯಾರಿಗೂ ನಷ್ಟವಿಲ್ಲ. ನಾಳೆ ಒಬ್ಬ ತಾಯಿಯ ಮಗನ ತಲೆಯೊಳಗೆ ಹರಿದರೆ?” ಅವರು ಸುಮ್ಮನಾದರು. ಆದರೆ ಅವರ ಪ್ರಶ್ನೆಗಳು ನನ್ನ ಮನಸ್ಸಿನಲ್ಲಿ ಉಳಿದವು. ನಮ್ಮ ಮನೆಗಳಿಂದ ಈಗ ಎಷ್ಟೋ ಮಕ್ಕಳು ವೈದ್ಯರಾಗುತ್ತಿದ್ದಾರೆ. ಅಪಘಾತವಾಗಿ, ಗೆಡ್ಡೆ ಬೆಳೆದು, ರಕ್ತನಾಳ ಒಡೆದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗುವವರೂ ನಮ್ಮ ಮನೆಗಳಲ್ಲಿದ್ದಾರೆ. ಹಾಗಾಗಿ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ತಲೆಬುರುಡೆಯ ಕೆಳಗೆ ಒಬ್ಬ ತಾಯಿ

ಯುನಾನಿ ವೈದ್ಯ ಪದ್ಧತಿಯಲ್ಲಿ ಮೆದುಳು, ಹೃದಯ ಮತ್ತು ಯಕೃತ್ತನ್ನು ದೇಹದ ಪ್ರಧಾನ ಅಂಗಗಳೆಂದು ಕರೆಯುತ್ತಾರೆ. ವಯಸ್ಕರ ಮೆದುಳಿನ ತೂಕ ಸುಮಾರು 1,300ರಿಂದ 1,400 ಗ್ರಾಂ. ಅದು ಗಟ್ಟಿಯಾದ ವಸ್ತುವಲ್ಲ. ಬೆರಳಿನಿಂದ ಒತ್ತಿದರೆ ಕುಸಿಯುವಷ್ಟು ಮೃದು. ಅದಕ್ಕಾಗಿಯೇ ಅಲ್ಲಾಹನು ಅದನ್ನು ಮೂಳೆಯ ಪೆಟ್ಟಿಗೆಯಲ್ಲಿಟ್ಟು, ಅದರ ಒಳಗೆ ಮತ್ತೆ ಪೊರೆಗಳಿಂದ ಸುತ್ತಿದ್ದಾನೆ.

ಹೊರಗಿನ ದಪ್ಪ ಪೊರೆಗೆ ಇಂದು ಜಗತ್ತಿನ ಎಲ್ಲ ವೈದ್ಯರೂ ‘ಡ್ಯೂರಾ ಮೇಟರ್’ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಇದರ ಅರ್ಥ ‘ಗಟ್ಟಿ ತಾಯಿ’. ಈ ಹೆಸರು ಅರಬಿ ವೈದ್ಯಗ್ರಂಥಗಳಿಂದ ಅನುವಾದವಾಗಿ ಹೋದದ್ದು. ಅರಬಿಯಲ್ಲಿ ಆ ಪೊರೆಯನ್ನು ‘ಉಮ್ಮ್’ ಎಂದು ಕರೆದರು. ಕರಾವಳಿಯ ನಮ್ಮ ಮಕ್ಕಳು ಮನೆಯಲ್ಲಿ ಕೂಗುವ ‘ಉಮ್ಮ’ ಅದೇ ಪದ. ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡ ತಾಯಿಯಂತೆ ಆ ಪೊರೆ ಮೆದುಳನ್ನು ಸುತ್ತಿಕೊಂಡಿದೆ.

ಶಸ್ತ್ರಚಿಕಿತ್ಸಕನ ಮೊದಲ ಪರೀಕ್ಷೆ ಇಲ್ಲೇ. ಮೂಳೆಯನ್ನು ಕೊರೆಯಬೇಕು, ಆದರೆ ಕೆಳಗಿನ ಪೊರೆ ಹರಿಯಬಾರದು. ಮೂಳೆ ಮುಗಿದು ಪೊರೆ ಶುರುವಾಗುವ ಆ ಕ್ಷಣವನ್ನು ಕೈ ತಾನಾಗಿಯೇ ಅರಿಯಬೇಕು. ಇದನ್ನು ಪುಸ್ತಕ ಓದಿ ಕಲಿಯಲು ಆಗುವುದಿಲ್ಲ.

ನಂಬಿಕೆ ಬರದಿದ್ದರೆ ನೀವೇ ಮನೆಯಲ್ಲಿ ಮಾಡಿ ನೋಡಿ. ಒಂದು ಹಸಿ ಮೊಟ್ಟೆ ತೆಗೆದುಕೊಳ್ಳಿ. ಅದರ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗದ ಚಿಪ್ಪನ್ನು ಮಾತ್ರ ಚೂರು ಚೂರಾಗಿ ತೆಗೆಯಿರಿ. ಒಳಗಿನ ಬಿಳಿ ಪೊರೆ ಹರಿಯಬಾರದು, ಒಂದು ಹನಿ ಲೋಳೆಯೂ ಹೊರಬರಬಾರದು. ಮೊದಲ ನಾಲ್ಕೈದು ಮೊಟ್ಟೆ ಖಂಡಿತ ಒಡೆಯುತ್ತವೆ. (ಒಡೆದದ್ದನ್ನು ಬಟ್ಟಲಲ್ಲಿ ಹಿಡಿದು ಆಮ್ಲೆಟ್ ಮಾಡಿ, ಹಸಿ ಮೊಟ್ಟೆ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಿರಿ.) ನ್ಯೂರೋಸರ್ಜರಿ ಕಲಿಯುವವರು ಇದೇ ಅಭ್ಯಾಸವನ್ನು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಡ್ರಿಲ್ ಹಿಡಿದು ಮಾಡುತ್ತಾರೆ. ಮೊಟ್ಟೆಯಲ್ಲಿ ಕೈ ಪಳಗಿದ ಮೇಲೆ ಕುರಿಯ ತಲೆ.

ಕುರಿಯ ತಲೆ, ಕೋಳಿಯ ರೆಕ್ಕೆ

ಮಾಂಸದಂಗಡಿಯಲ್ಲಿ ಸಿಗುವ ಕುರಿ ಅಥವಾ ಮೇಕೆಯ ತಲೆಯಲ್ಲಿ ನಮ್ಮ ತಲೆಯಲ್ಲಿರುವ ಪದರಗಳೆಲ್ಲ ಅದೇ ಕ್ರಮದಲ್ಲಿವೆ: ಚರ್ಮ, ಮೂಳೆಗೆ ಅಂಟಿದ ಪೊರೆ, ಮೂಳೆ, ಗಟ್ಟಿ ಪೊರೆ, ಜೇಡರ ಬಲೆಯಂಥ ತೆಳು ಪೊರೆ, ಕೊನೆಗೆ ಮೆದುಳು. ವಿದ್ಯಾರ್ಥಿ ಮೊದಲು ಮೂಳೆಯಲ್ಲಿ ರಂಧ್ರ ಕೊರೆಯುತ್ತಾನೆ. ಆಮೇಲೆ ರಂಧ್ರಗಳ ನಡುವೆ ಕತ್ತರಿಸಿ ಮೂಳೆಯ ಮುಚ್ಚಳ ತೆಗೆಯುತ್ತಾನೆ. ಗಟ್ಟಿ ಪೊರೆಯನ್ನು ಕತ್ತರಿಸಿ ತೆರೆಯುತ್ತಾನೆ, ಸೂಕ್ಷ್ಮದರ್ಶಕದ ಕೆಳಗೆ ಮೆದುಳಿನ ಮಡಿಕೆಗಳನ್ನು ನೋವಾಗದಂತೆ ಬಿಡಿಸುತ್ತಾನೆ. ಕೊನೆಗೆ ಪೊರೆಯನ್ನು ನೀರು ಸೋರದ ಹಾಗೆ ಹೊಲಿಯುತ್ತಾನೆ. ಈ ಹೊಲಿಗೆ ಸಡಿಲವಾದರೆ ನಿಜವಾದ ರೋಗಿಯಲ್ಲಿ ಮೆದುಳಿನ ಸುತ್ತಲಿನ ದ್ರವ ಸೋರುತ್ತದೆ, ಸೋಂಕು ಒಳಗೆ ನುಗ್ಗುತ್ತದೆ, ಮೆದುಳುಜ್ವರ ಬರಬಹುದು. ಕುರಿಯ ತಲೆಯಲ್ಲಿ ಸೋರಿದರೆ ಮತ್ತೆ ಬಿಚ್ಚಿ ಹೊಲಿಯಬಹುದು.

ಕೋಳಿ ರೆಕ್ಕೆಯ ಪಾಠ ಬೇರೆ. ಅದರಲ್ಲಿ ಸುಮಾರು ಒಂದು ಮಿಲಿಮೀಟರ್ ಅಗಲದ ಒಂದು ರಕ್ತನಾಳವಿದೆ. ಮನುಷ್ಯನ ಮೆದುಳಿನ ಮೇಲ್ಭಾಗದ ಸಣ್ಣ ರಕ್ತನಾಳಗಳೂ ಹತ್ತಿರ ಹತ್ತಿರ ಅಷ್ಟೇ ಅಗಲ. ಅದನ್ನು ಕತ್ತರಿಸಿ, ಎರಡು ತುದಿಗಳನ್ನು ಮತ್ತೆ ಜೋಡಿಸಿ ಹೊಲಿಯಬೇಕು. ಹೊಲಿಯುವ ದಾರ ನಮ್ಮ ತಲೆಗೂದಲಿನ ಮೂರನೇ ಒಂದು ಭಾಗದಷ್ಟು ತೆಳು. ಬರಿಗಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ. ಸುತ್ತಲೂ ಎಂಟು-ಹತ್ತು ಹೊಲಿಗೆ. ಒಂದು ಹೊಲಿಗೆ ತಪ್ಪಿ ಎದುರಿನ ಗೋಡೆಯನ್ನೂ ಹಿಡಿದರೆ ನಾಳ ಮುಚ್ಚಿಹೋಗುತ್ತದೆ. ಹೊಲಿದಾದ ಮೇಲೆ ಬಣ್ಣದ ನೀರು ಹಾಯಿಸಿ ಸೋರುತ್ತದೆಯೇ, ಸರಾಗವಾಗಿ ಹರಿಯುತ್ತದೆಯೇ ಎಂದು ನೋಡುತ್ತಾರೆ. ನಿಜವಾದ ಶಸ್ತ್ರಚಿಕಿತ್ಸೆಯಲ್ಲಿ ಈ ಹೊಲಿಗೆ ಮುಗಿಯುವವರೆಗೆ ಆ ನಾಳದ ರಕ್ತವನ್ನು ತಡೆದು ಹಿಡಿದಿರುತ್ತಾರೆ. ಅಲ್ಲಿ ನಿಮಿಷ ನಿಮಿಷಕ್ಕೂ ಬೆಲೆಯಿದೆ. ರಾತ್ರಿ ಕೋಳಿ ರೆಕ್ಕೆಯ ಮುಂದೆ ಕಳೆದ ಗಂಟೆಗಳು ಆ ನಿಮಿಷಗಳನ್ನು ಉಳಿಸುತ್ತವೆ.

ಇದು ಯಾರೋ ಹುಡುಗರ ಹವ್ಯಾಸವಲ್ಲ. ದೆಹಲಿಯ ಏಮ್ಸ್‌ನ ನ್ಯೂರೋಸರ್ಜರಿ ವಿಭಾಗದಲ್ಲಿ ಇಂತಹ ಕೈಕೆಲಸದ ತರಬೇತಿಗೆಂದೇ ಒಂದು ಶಾಲೆಯಿದೆ.

ನಮ್ಮ ಹಿರಿಯ ಹಕೀಮರು ತೋರಿದ ದಾರಿ

ಸಾವಿರ ವರ್ಷಗಳ ಹಿಂದೆ ಸ್ಪೇನಿನ ಕುರ್ತುಬಾ ನಗರದ ಬಳಿ ಅಬುಲ್ ಕಾಸಿಮ್ ಅಝ್ಝಹ್ರಾವಿ ಎಂಬ ವೈದ್ಯರಿದ್ದರು. ಅವರ ‘ಅತ್ತಸ್ರೀಫ್’ ಗ್ರಂಥಕ್ಕೆ 30 ಭಾಗಗಳು. ಕೊನೆಯ ಭಾಗ ಪೂರ್ತಿ ಶಸ್ತ್ರಚಿಕಿತ್ಸೆಗೆ ಮೀಸಲು. ಅದರಲ್ಲಿ ಸುಮಾರು 200 ಉಪಕರಣಗಳ ಚಿತ್ರಗಳಿವೆ. ಅಂಗರಚನೆ ತಿಳಿಯದೆ ಕತ್ತಿ ಹಿಡಿಯುವವನು ರೋಗಿಯನ್ನು ಕೊಲ್ಲುತ್ತಾನೆಂದು ಅವರು ಎಚ್ಚರಿಸಿದ್ದರು. ತಲೆಬುರುಡೆ ಕೊರೆಯಲು ಅವರು ವಿವರಿಸಿದ ಬೈರಿಗೆಯ ತುದಿಗೆ ಸ್ವಲ್ಪ ಮೇಲೆ ಒಂದು ಉಬ್ಬು ಇರುತ್ತಿತ್ತು. ಮೂಳೆ ದಾಟಿದ ಕೂಡಲೇ ಆ ಉಬ್ಬು ತಡೆದು ನಿಲ್ಲಿಸುತ್ತಿತ್ತು. ಬೈರಿಗೆ ಮೆದುಳಿನೊಳಗೆ ಇಳಿಯುತ್ತಿರಲಿಲ್ಲ. ಮೂಳೆ ದಾಟುತ್ತಲೇ ತಾನಾಗಿ ನಿಲ್ಲುವ ಇಂದಿನ ಡ್ರಿಲ್‌ಗಳ ಹಿಂದಿನ ಯೋಚನೆಯೂ ಇದೇ.

ಅವರ ನಂತರ ಇಶ್ಬೀಲಿಯಾದಲ್ಲಿ, ಅಂದರೆ ಇಂದಿನ ಸೆವಿಲ್ಲೆಯಲ್ಲಿ, ಇಬ್ನ್ ಝುಹ್ರ್ ಬಂದರು. ಅವರು ತೀರಿಕೊಂಡದ್ದು 1162ರಲ್ಲಿ. ಉಸಿರುಗಟ್ಟಿದ ರೋಗಿಯ ಗಂಟಲಿನ ಶ್ವಾಸನಾಳವನ್ನು ಕತ್ತರಿಸಿ ತೆರೆಯಬಹುದೇ, ಆ ಗಾಯ ಮತ್ತೆ ಕೂಡುತ್ತದೆಯೇ ಎಂಬ ಪ್ರಶ್ನೆಗೆ ಆಗ ಖಚಿತ ಉತ್ತರವಿರಲಿಲ್ಲ. ಅವರು ಮೊದಲು ರೋಗಿಯ ಮೇಲೆ ಕತ್ತಿ ಇಡಲಿಲ್ಲ. ಒಂದು ಮೇಕೆಯ ಶ್ವಾಸನಾಳ ತೆರೆದು, ಗಾಯವನ್ನು ತೊಳೆದು, ಅದು ಪೂರ್ತಿ ವಾಸಿಯಾಗುವವರೆಗೆ ಆರೈಕೆ ಮಾಡಿ ನೋಡಿ ಬರೆದಿಟ್ಟರು. ಮನುಷ್ಯನ ಮೇಲೆ ಕೈ ಇಡುವ ಮುನ್ನ ಬೇರೆಡೆ ಪರೀಕ್ಷಿಸುವ ಪದ್ಧತಿ ನಮ್ಮ ವೈದ್ಯ ಪರಂಪರೆಯಲ್ಲೇ ಇದೆ.

ನಮ್ಮ ಕಾಲದ ಉದಾಹರಣೆಯೂ ಇದೆ. ತುರ್ಕಿಯಲ್ಲಿ 1925ರಲ್ಲಿ ಹುಟ್ಟಿದ ಗಾಝಿ ಯಾಷರ್ಗಿಲ್ ಸ್ವಿಟ್ಜರ್ಲೆಂಡಿನ ಝೂರಿಕ್‌ನಲ್ಲಿ ಆಗಲೇ ಹೆಸರಾದ ಶಸ್ತ್ರಚಿಕಿತ್ಸಕರಾಗಿದ್ದರು. ಆದರೂ 1965ರಲ್ಲಿ ಅಮೆರಿಕದ ವರ್ಮಾಂಟ್‌ಗೆ ಹೋಗಿ ಮತ್ತೆ ವಿದ್ಯಾರ್ಥಿಯಾದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಪ್ರಯೋಗಾಲಯದಲ್ಲಿ ಪ್ರಾಣಿಗಳ ಸಣ್ಣ ರಕ್ತನಾಳಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಹೊಲಿಯುವುದನ್ನು ಕಲಿತರು. ಊರಿಗೆ ಮರಳಿದ ಮೇಲೆ, 1967ರ ಅಕ್ಟೋಬರ್ 30ರಂದು, ನೆತ್ತಿಯ ರಕ್ತನಾಳವೊಂದನ್ನು ಮೆದುಳಿನ ರಕ್ತನಾಳಕ್ಕೆ ಜೋಡಿಸಿದರು. ನಲವತ್ತು ದಾಟಿದ, ಹೆಸರು ಮಾಡಿದ ವೈದ್ಯನೂ ಕಲಿಯಲು ನಾಚಿಕೊಳ್ಳಲಿಲ್ಲ. ನಮ್ಮ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ?

ಕುರಿ ಮನುಷ್ಯನಲ್ಲ

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಯುನಾನಿ ವೈದ್ಯನಾಗಿ ಇದನ್ನು ಹೇಳುವ ಹೊಣೆ ನನಗೆ ಹೆಚ್ಚು.

ನಾವು ಜಾಲಿನೂಸ್ ಎಂದು ಕರೆಯುವ ಗ್ಯಾಲನ್, ಎರಡನೆಯ ಶತಮಾನದ ಮಹಾವೈದ್ಯ. ಅವನ ಕಾಲದಲ್ಲಿ ಮನುಷ್ಯನ ಶವವನ್ನು ಕೊಯ್ದು ನೋಡುವಂತಿರಲಿಲ್ಲ. ಅವನು ಮಂಗ, ಹಂದಿ, ಎತ್ತು ಮುಂತಾದ ಪ್ರಾಣಿಗಳನ್ನು ಕೊಯ್ದು ನೋಡಿದ. ಎತ್ತು, ಕುರಿ, ಮೇಕೆಗಳ ಮೆದುಳಿನ ತಳದಲ್ಲಿ ಸಣ್ಣ ರಕ್ತನಾಳಗಳ ಒಂದು ಸುಂದರ ಜಾಲವಿದೆ. ಮೆದುಳಿಗೆ ಹೋಗುವ ರಕ್ತವನ್ನು ಅದು ತಂಪಾಗಿಸುತ್ತದೆ. ಮನುಷ್ಯನಲ್ಲೂ ಅದು ಇರಲೇಬೇಕೆಂದು ಗ್ಯಾಲನ್ ತೀರ್ಮಾನಿಸಿದ. ರೂಹೆ ನಫ್ಸಾನಿ ಹುಟ್ಟುವುದು ಅಲ್ಲಿಯೇ ಎಂದ. ಅವನ ಮಾತನ್ನು ನಮ್ಮ ಗ್ರಂಥಗಳೂ ಒಪ್ಪಿಕೊಂಡವು. ಮನುಷ್ಯನಲ್ಲಿ ಆ ಜಾಲ ಇಲ್ಲವೆಂದು ವೆಸಾಲಿಯಸ್ 1543ರಲ್ಲಿ ಪ್ರಕಟಿಸುವವರೆಗೆ, ಸುಮಾರು ಸಾವಿರದ ನಾನೂರು ವರ್ಷ, ಕುರಿಯ ತಲೆ ಮನುಷ್ಯನ ತಲೆಯ ಬಗ್ಗೆ ತಪ್ಪು ಪಾಠ ಹೇಳುತ್ತಲೇ ಇತ್ತು.

ಹಿರಿಯರ ಪುಸ್ತಕವನ್ನು ಗೌರವಿಸುವುದು ಬೇರೆ, ಕಣ್ಣು ಮುಚ್ಚಿಕೊಳ್ಳುವುದು ಬೇರೆ. 1200ರ ಸುಮಾರಿಗೆ ಈಜಿಪ್ಟಿನಲ್ಲಿ ಭೀಕರ ಬರ ಬಂದಾಗ ಅಬ್ದುಲ್ಲತೀಫ್ ಬಗ್ದಾದಿ ಅಲ್ಲಿ ಬಿದ್ದಿದ್ದ ಅಸ್ಥಿಪಂಜರಗಳನ್ನು ಪರೀಕ್ಷಿಸಿದರು. ಕೆಳದವಡೆ ಎರಡು ಮೂಳೆಗಳೆಂದು ಗ್ಯಾಲನ್ ಬರೆದಿದ್ದ. ಅವರು ನೋಡಿದ ದವಡೆಗಳೆಲ್ಲ ಒಂದೇ ಮೂಳೆ. ಕಂಡದ್ದನ್ನೇ ಬರೆದರು.

ಇಂದಿನ ವಿದ್ಯಾರ್ಥಿಯೂ ಇದನ್ನು ಮರೆಯಬಾರದು. ಕುರಿಯ ಮೆದುಳು ನಮ್ಮ ಮೆದುಳಿನ ಹತ್ತರಲ್ಲಿ ಒಂದು ಭಾಗದಷ್ಟು. ಕೊಂಬಿನ ಪ್ರಾಣಿಯ ಹಣೆಯ ಮೂಳೆಯೊಳಗೆ ದೊಡ್ಡ ಗಾಳಿಕೋಣೆಗಳಿವೆ. ಅದರ ಬೆನ್ನುಹುರಿ ತಲೆಯ ಹಿಂದಕ್ಕೆ ಹೊರಡುತ್ತದೆ, ನಮ್ಮದು ಕೆಳಕ್ಕೆ. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ: ಅಂಗಡಿಯ ತಲೆಯಲ್ಲಿ ರಕ್ತ ಚಿಮ್ಮುವುದಿಲ್ಲ, ಮೆದುಳು ಮಿಡಿಯುವುದಿಲ್ಲ, ಊದಿಕೊಳ್ಳುವುದಿಲ್ಲ. ಆದ್ದರಿಂದ ಕುರಿಯ ತಲೆ ಕೈಯನ್ನು ಪಳಗಿಸುತ್ತದೆಯೇ ಹೊರತು ಮನುಷ್ಯನ ಮೆದುಳಿನ ನಕ್ಷೆಯನ್ನು ಕಲಿಸುವುದಿಲ್ಲ. ನಕ್ಷೆಯನ್ನು ಕಲಿಯಲು ದಾನವಾಗಿ ಬಂದ ಮಾನವ ದೇಹ ಮತ್ತು ಮೆದುಳು ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳಿನ ಬ್ಯಾಂಕ್ ಇದೆ. ಸಾರ್ವಜನಿಕರೂ ನೋಡಬಹುದಾದ ಮೆದುಳಿನ ಸಂಗ್ರಹಾಲಯವೂ ಇದೆ. ಕಾಲೇಜಿಗೆ ಹೋಗುವ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ. ಇವೆಲ್ಲ ಆದ ಮೇಲೆ, ಹಿರಿಯ ಶಸ್ತ್ರಚಿಕಿತ್ಸಕರ ಕಣ್ಗಾವಲಿನಲ್ಲಿ ಮಾತ್ರ ರೋಗಿ.

ಗುನಾಹ್ ಅಲ್ಲವೇ?

ಫತ್ವಾ ಕೊಡುವುದು ನನ್ನ ಕೆಲಸವಲ್ಲ. ಸಂದೇಹವಿದ್ದವರು ಉಲಮಾಗಳನ್ನು ಕೇಳಬೇಕು. ವೈದ್ಯನಾಗಿ ನಾನು ಹೇಳಬಲ್ಲದ್ದು ಕೆಲವೇ ಮಾತು. ಅನಗತ್ಯವಾಗಿ ಚೆಲ್ಲುವುದು ಇಸ್ರಾಫ್. ಒಂದು ಜೀವ ಉಳಿಸುವ ವಿದ್ಯೆಗಾಗಿ ಬಳಸುವುದು ಚೆಲ್ಲಿದಂತೆ ಅಲ್ಲ ಎಂಬುದು ನನ್ನ ತಿಳುವಳಿಕೆ. ಆಹಾರಕ್ಕಾಗಿ ಝಬಹ್ ಆದ ಪ್ರಾಣಿಯ ತಲೆಯನ್ನು ಬಳಸಿದರೆ ಅಭ್ಯಾಸಕ್ಕೆಂದು ಇನ್ನೊಂದು ಜೀವ ಹೋಗುವುದಿಲ್ಲ. ಬಕ್ರೀದ್ ದಿನ ಎಷ್ಟು ತಲೆಗಳು ಚರಂಡಿ ಪಕ್ಕ, ಕಸದ ರಾಶಿಯಲ್ಲಿ ಬಿದ್ದಿರುತ್ತವೆ ಎಂಬುದು ನಮಗೆ ಗೊತ್ತೇ ಇದೆ. ಅವುಗಳಲ್ಲಿ ಒಂದನ್ನು ವಿದ್ಯಾರ್ಥಿಗೆ ಕೊಟ್ಟರೆ ಒಳ್ಳೆಯದೇ. ಆದರೆ ಕುರ್ಬಾನಿಯ ಭಾಗವನ್ನು ಮಾರಬಾರದು, ಉಚಿತವಾಗಿ ಕೊಡಿ.

ಜೀವಂತ ಪ್ರಾಣಿಯ ವಿಷಯ ಬೇರೆ. ನಮ್ಮ ದೀನ್ ಮೂಕಪ್ರಾಣಿಗಳನ್ನು ಹಿಂಸಿಸುವುದನ್ನು ಕಟ್ಟುನಿಟ್ಟಾಗಿ ತಡೆದಿದೆ. ನಮ್ಮ ದೇಶದ ಕಾನೂನಿನಲ್ಲೂ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಸಮಿತಿಯ ಅನುಮತಿ ಇಲ್ಲದೆ ಜೀವಂತ ಪ್ರಾಣಿಗಳ ಮೇಲೆ ಪ್ರಯೋಗ ಮಾಡುವಂತಿಲ್ಲ. ಕೋಳಿ ರೆಕ್ಕೆಯಿಂದ ಕಲಿಯಬಹುದಾದದ್ದಕ್ಕೆ ಜೀವಂತ ಪ್ರಾಣಿ ಬೇಡವೇ ಬೇಡ. ಕೆಲವು ಕಡೆ ತರಬೇತಿಗೆ ಹಂದಿಯ ಅಂಗಗಳನ್ನೂ ಬಳಸುತ್ತಾರೆ. ಅಂಥ ಸಂದರ್ಭ ಬಂದರೆ ನಮ್ಮ ಮಕ್ಕಳು ಸಂಕೋಚವಿಲ್ಲದೆ ಕುರಿ ಅಥವಾ ಮೇಕೆಯ ಅಂಗ ಕೇಳಲಿ. ಅದು ಸಿಗದಿದ್ದರೆ ಏನು ಮಾಡಬೇಕೆಂದು ಆಲಿಮರಲ್ಲಿ ವಿಚಾರಿಸಲಿ.

ಶುಚಿತ್ವದ ನಿಯಮಗಳು

ಆ ತಾಯಿಯ ಎರಡನೆಯ ಪ್ರಶ್ನೆ ನಜಾಸತ್‌ನದು. ಇಲ್ಲಿ ಧರ್ಮವೂ ಆರೋಗ್ಯಶಾಸ್ತ್ರವೂ ಒಂದೇ ಮಾತು ಹೇಳುತ್ತವೆ. ಮನೆಯಲ್ಲಿ ಇಂಥ ವಿದ್ಯಾರ್ಥಿ ಇದ್ದರೆ ಇವನ್ನು ಪಾಲಿಸಿ:

1. ತಲೆ ಆರೋಗ್ಯವಂತ, ಝಬಹ್ ಆದ ಪ್ರಾಣಿಯದ್ದೇ ಆಗಿರಲಿ. ತಾನಾಗಿ ಸತ್ತ, ಹುಚ್ಚುನಾಯಿ ಕಚ್ಚಿದ, ವಿಚಿತ್ರವಾಗಿ ವರ್ತಿಸುತ್ತಿದ್ದ ಪ್ರಾಣಿಯ ತಲೆಯನ್ನು ಮುಟ್ಟಲೇಬೇಡಿ. ರೇಬೀಸ್ ವೈರಸ್ ಇರುವುದೇ ಮೆದುಳಿನಲ್ಲಿ. ಅಂಥ ಮೆದುಳು ಗಾಯಕ್ಕೆ ಅಥವಾ ಕಣ್ಣಿಗೆ ತಗುಲಿದರೆ, ಗಾಯವನ್ನು 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ, ಕಣ್ಣನ್ನು ಬರಿಯ ನೀರಿನಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ.

2. ಕೋಳಿ ರೆಕ್ಕೆ ಮನೆಯಲ್ಲಿ ಸಾಕು. ಮೂಳೆ ಕೊರೆಯುವ ಕೆಲಸ ಕಾಲೇಜಿನ ಪ್ರಯೋಗಾಲಯದಲ್ಲೇ ಆಗಲಿ. ಡ್ರಿಲ್‌ನಿಂದ ಹಾರುವ ಮೂಳೆಯ ಪುಡಿ ಕಣ್ಣು, ಮೂಗಿಗೆ ಹೋಗುತ್ತದೆ. ಕನ್ನಡಕ, ಮಾಸ್ಕ್, ಕೈಗವಸು ಬೇಕೇಬೇಕು.

3. ಅಡುಗೆಮನೆಯ ಚಾಕು, ಮಣೆ, ತಟ್ಟೆ ಬಳಸಬೇಡಿ. ಅಭ್ಯಾಸದ ಮಾಂಸವನ್ನು ಫ್ರಿಜ್‌ನಲ್ಲಿಡುವುದಾದರೆ ಮುಚ್ಚಿದ ಡಬ್ಬಿಯಲ್ಲಿ, ಹೆಸರು ಬರೆದು, ಕೆಳಗಿನ ತಟ್ಟಿನಲ್ಲಿಡಿ. ಅಭ್ಯಾಸ ಮುಗಿದ ಮೇಲೆ ಅದನ್ನು ಅಡುಗೆಗೆ ಬಳಸಬೇಡಿ.

4. ಸೂಜಿ ಚುಚ್ಚಿದರೆ, ಮೂಳೆ ತರಚಿದರೆ ಸೋಪಿನಿಂದ ತೊಳೆಯಿರಿ. ಟೆಟನಸ್ ಚುಚ್ಚುಮದ್ದು ಆಗಿದೆಯೇ ಎಂದು ನೋಡಿಕೊಳ್ಳಿ.

5. ಮೇಜನ್ನು ಮೊದಲು ಸೋಪಿನಿಂದ ತೊಳೆದು, ಬಳಿಕ ಬ್ಲೀಚ್ ಬೆರೆಸಿದ ನೀರಿನಿಂದ ಒರೆಸಿ. ಬ್ಲೀಚ್‌ಗೆ ಬೇರೆ ಯಾವ ಕ್ಲೀನರ್ ಅನ್ನೂ ಬೆರೆಸಬೇಡಿ. ರಕ್ತ ತಗುಲಿದ ಬಟ್ಟೆಯನ್ನು ಬದಲಿಸಿ, ಕೈ ತೊಳೆದು, ಬಳಿಕ ನಮಾಝ್‌ಗೆ ವುಝೂ ಮಾಡಲಿ.

6. ಉಳಿದ ತಲೆಯನ್ನು ನಾಯಿಗಳಿಗೆ ಹಾಕಬೇಡಿ. ಕೆಲವು ಕುರಿಗಳ ಮೆದುಳಿನಲ್ಲಿ ಲಾಡಿಹುಳುವಿನ ಮರಿಗಳಿರುವ ನೀರುಗುಳ್ಳೆ ಇರುತ್ತದೆ. ಅಂಥ ಕುರಿ ತಲೆ ಓರೆ ಮಾಡಿಕೊಂಡು ಒಂದೇ ಕಡೆ ಸುತ್ತು ಹಾಕುತ್ತದೆ. ಆ ಮೆದುಳು ತಿಂದ ನಾಯಿಯ ಹೊಟ್ಟೆಯಲ್ಲಿ ಹುಳು ಬೆಳೆದು, ಅದರ ಮಲದ ಮೂಲಕ ಮೊಟ್ಟೆಗಳು ಹುಲ್ಲಿಗೆ, ಮತ್ತೆ ಕುರಿಗೆ, ಅಪರೂಪಕ್ಕೆ ಮನುಷ್ಯರಿಗೂ ಬರುತ್ತವೆ. ಆಳವಾದ ಗುಂಡಿ ತೋಡಿ ಹೂಳಿ. ಬಕ್ರೀದ್‌ನಲ್ಲಿ ನಾವೆಲ್ಲರೂ ಪಾಲಿಸಬೇಕಾದ ನಿಯಮವಿದು.

ಆಸ್ಪತ್ರೆಯಲ್ಲಿ ನೀವು ಕೇಳಬೇಕಾದದ್ದು

ತಲೆಗೆ ಪೆಟ್ಟು ಬಿದ್ದವರನ್ನು, ಒಮ್ಮೆಲೇ ಬಾಯಿ ಸೊಟ್ಟಗಾದವರನ್ನು, ಕೈಕಾಲು ಸೋತವರನ್ನು ಎಣ್ಣೆ ಹಚ್ಚಲೆಂದು ನನ್ನಂಥವರ ಬಳಿ ಕರೆತರಬೇಡಿ. ಮೊದಲು ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಗಂಟೆಗಳು ಕಳೆದಷ್ಟೂ ಮೆದುಳು ಸಾಯುತ್ತದೆ.

ಶಸ್ತ್ರಚಿಕಿತ್ಸೆ ಬೇಕೆಂದಾಗ ನಾವು ಸಾಮಾನ್ಯವಾಗಿ ಹಣ ಎಷ್ಟು, ಎಷ್ಟು ದಿನ ಎಂದಷ್ಟೇ ಕೇಳುತ್ತೇವೆ. ಇನ್ನೂ ಮೂರು ಪ್ರಶ್ನೆ ಕೇಳಿ: ಶಸ್ತ್ರಚಿಕಿತ್ಸೆ ಯಾರು ಮಾಡುತ್ತಾರೆ? ಇಂಥದ್ದನ್ನು ಅವರು ಎಷ್ಟು ಮಾಡಿದ್ದಾರೆ? ಕಲಿಯುತ್ತಿರುವವರು ಭಾಗವಹಿಸಿದರೆ ಹಿರಿಯರು ಕೊನೆಯವರೆಗೂ ಜೊತೆಗಿರುತ್ತಾರೆಯೇ? ಇದು ವೈದ್ಯರಿಗೆ ಮಾಡುವ ಅವಮಾನವಲ್ಲ, ರೋಗಿಯ ಹಕ್ಕು. ಅದೇ ವೇಳೆ, ಕಲಿಯುವವರು ಹತ್ತಿರ ಬರಲೇಬಾರದೆಂದು ಹಠ ಹಿಡಿಯಬೇಡಿ. ಇಂದಿನ ಹಿರಿಯ ವೈದ್ಯರೂ ಒಂದು ದಿನ ಕಲಿಯುತ್ತಿದ್ದವರೇ. ಅಭ್ಯಾಸವಿಲ್ಲದ ಕೈಗೆ ಮಾತ್ರ ನಾವು ಭಯಪಡಬೇಕು.

ಆ ತಾಯಿ ಮುಂದಿನ ತಿಂಗಳು ಔಷಧಿಗೆ ಬಂದಾಗ ನಗುತ್ತಾ ಹೇಳಿದರು: “ಮಗನಿಗೆ ಬೇರೆ ಡಬ್ಬಿ ಇಟ್ಟಿದ್ದೀನಿ ಹಕೀಮ್ ಸಾಬ್. ಮೇಲೆ ದೊಡ್ಡದಾಗಿ ಬರೆದಿದ್ದೀನಿ, ಅಡುಗೆಗಲ್ಲ ಅಂತ. ಈಗ ರಾತ್ರಿ ಅವನು ಹೊಲೀತಾ ಕೂತ್ರೆ ನಾನೇ ಚಹಾ ಮಾಡಿ ಕೊಡ್ತೀನಿ.”

ಅಲ್ಲಾಹನು ನಮ್ಮ ಮಕ್ಕಳ ವಿದ್ಯೆಯಲ್ಲಿ ಬರಕತ್ ನೀಡಲಿ, ಅವರ ಕೈಗಳಲ್ಲಿ ಶಿಫಾ ಇಡಲಿ. ಆಮೀನ್.